ಮನೆಯ ಮೀನುತೊಟ್ಟಿಯಲ್ಲಿ ನೀರು ಕೆಡುವುದು: ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೆದುನೀರಿನ ಸಮಸ್ಯೆ

ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನುಗಳು ಸಂಜೆಯವರೆಗೆ ಲವಲವಿಕೆಯಿಂದಿದ್ದು ಬೆಳಗಾಗುವುದರೊಳಗೆ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗುತ್ತವೆ. ಹೊಸ ನೀರು ಹಾಕಿದ ಒಂದು ತಾಸಿನಲ್ಲಿ ಒಂದರ ಹಿಂದೆ ಒಂದು ಮಗುಚಿಕೊಳ್ಳುತ್ತವೆ. ತಿಳಿಯಾಗಿದ್ದ ನೀರು ಒಂದೇ ರಾತ್ರಿಯಲ್ಲಿ ಬೆಳ್ಳಗೆ ಕದಡುತ್ತದೆ. ಸಾಕುವವರು ಇದನ್ನೆಲ್ಲ ‘ಇದ್ದಕ್ಕಿದ್ದಂತೆ ನೀರು ಕೆಟ್ಟಿತು’ ಎಂದು ಹೇಳುತ್ತಾರೆ, ಅಂಗಡಿಗೆ ಹೋಗಿ ಒಂದು ಔಷಧಿ ತರುತ್ತಾರೆ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಆ ವಿವರಣೆ ಬಹುಪಾಲು ತಪ್ಪೆಂದು ಹೇಳಲು ಗಟ್ಟಿ ಕಾರಣಗಳಿವೆ. ಇಲ್ಲಿನ ನೀರಿನಲ್ಲಿ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಅಂದರೆ ಕ್ಷಾರತೆ, ಮೊದಲೇ ಕಡಿಮೆ. ತೊಟ್ಟಿಯೊಳಗೆ ಅದು ದಿನದಿಂದ ದಿನಕ್ಕೆ ಸವೆಯುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕೊನೆಗೆ ಕರೆಂಟು ಹೋಗುವುದೋ, ಫಿಲ್ಟರ್ ತೊಳೆಯುವುದೋ, ಅರ್ಧ ತೊಟ್ಟಿ ನೀರು ಬದಲಿಸುವುದೋ ನೆಪವಾಗುತ್ತದೆ. ನೆಪವನ್ನೇ ಕಾರಣವೆಂದು ಹಿಡಿದರೆ ಪರಿಹಾರ ದಾರಿ ತಪ್ಪುತ್ತದೆ.

ಈ ಸೀಮೆಯ ನೀರು ಹೀಗಿರುವುದಕ್ಕೆ ಮಳೆ ಮತ್ತು ಮಣ್ಣು ಎರಡೂ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಘಟ್ಟದ ಅಂಚಿನ ಊರುಗಳಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಸಾವಿರಾರು ವರ್ಷಗಳ ಇಂಥ ಮಳೆ ಮಣ್ಣಿನಲ್ಲಿದ್ದ ಸುಣ್ಣವನ್ನು ಬಹುಮಟ್ಟಿಗೆ ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಜಂಬಿಟ್ಟಿಗೆಯನ್ನು ಉಳಿಸಿದೆ. ಕರಗುವ ಸುಣ್ಣವೇ ವಿರಳವಾದ ಈ ನೆಲದೊಳಗೆ ಇಳಿದು ಬರುವ ನೀರಿನಲ್ಲಿ ಬೈಕಾರ್ಬೊನೇಟ್ ಸಹಜವಾಗಿಯೇ ಅಲ್ಪ. ಘಟ್ಟದ ಇಳಿಜಾರಿನಲ್ಲಿ, ಕುಮಟಾ ತಾಲ್ಲೂಕಿನ ಯಾಣದ ಕರಿ ಬಂಡೆಗಳು ಸುಣ್ಣದ ಕಲ್ಲಿನವು ನಿಜ, ಆದರೆ ಅಂಥ ತಾಣಗಳು ಅಲ್ಲೊಂದು ಇಲ್ಲೊಂದು. ಹಳ್ಳಿಯ ಮನೆಗಳಿಗೆ ಬೆಟ್ಟದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು, ಅಂಗಳದ ಬಾವಿ, ತೋಟದಂಚಿನ ಹಳ್ಳ, ಈಚಿನ ದಶಕಗಳಲ್ಲಿ ಬೋರ್‌ವೆಲ್ ಆಸರೆ. ಶಿರಸಿ ನಗರಕ್ಕೆ ಕೆಂಗ್ರೆ ಮತ್ತು ಮಾರಿಗದ್ದೆಯಿಂದ ಹೊಳೆಯ ನೀರು ಬರುತ್ತದೆ. ಇವುಗಳಲ್ಲಿ ಬೋರ್‌ವೆಲ್ ನೀರಿನ ಗುಣ ಮಾತ್ರ ಊರಿಂದೂರಿಗೆ ಬದಲಾಗುತ್ತದೆ. ಉಳಿದವು ಸಾಮಾನ್ಯವಾಗಿ ಮೆದುನೀರು: ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಕೊಡುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವುದಿಲ್ಲ. ಅಡುಗೆಮನೆಗೆ ವರವಾದ ಈ ಗುಣವೇ ಮೀನುತೊಟ್ಟಿಗೆ ಕಷ್ಟ ತರುತ್ತದೆ.

ಕಷ್ಟ ಹೇಗೆ ಬರುತ್ತದೆಂದು ತಿಳಿಯಲು ತೊಟ್ಟಿಯೊಳಗಿನ ಸಾರಜನಕದ ಚಕ್ರವನ್ನು ನೋಡಬೇಕು. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾವನ್ನು ಫಿಲ್ಟರಿನ ಸ್ಪಾಂಜು ಮತ್ತು ತಳದ ಕಲ್ಲುಗಳ ಮೇಲೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಇದು ಜೀವಿಗಳ ಕೆಲಸವೆಂದು 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ತೋರಿಸಿದರು. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿದರು. ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಹಂತ ನಡೆಸುವುದು ಪಠ್ಯಗಳಲ್ಲಿ ಬಹುಕಾಲ ಹೇಳುತ್ತಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಎಂದು 1998ರಲ್ಲಿ ತಿಳಿದುಬಂತು. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ: 1 ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ಸುಣ್ಣದ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಎರಡಡಿ ಉದ್ದದ, 60 ಲೀಟರ್ ನೀರು ಹಿಡಿಯುವ ಒಂದು ತೊಟ್ಟಿಯಲ್ಲಿ ತಲಾ 5 ಗ್ರಾಂ ತೂಕದ ಹತ್ತು ಮೀನುಗಳಿದ್ದು, ದಿನಕ್ಕೆ 1 ಗ್ರಾಂ ಆಹಾರ ಬೀಳುತ್ತದೆ ಎಂದುಕೊಳ್ಳೋಣ. ಶೇ. 40 ಪ್ರೋಟೀನ್ ಇರುವ ಆ ಆಹಾರದಲ್ಲಿ 64 ಮಿ.ಗ್ರಾಂ. ಸಾರಜನಕವಿರುತ್ತದೆ. ಅದರ ಅರ್ಧದಷ್ಟು, ಸುಮಾರು 30 ಮಿ.ಗ್ರಾಂ., ಅಮೋನಿಯಾ ರೂಪದಲ್ಲಿ ನೀರಿಗಿಳಿದರೆ ದಿನವೊಂದಕ್ಕೆ 210 ಮಿ.ಗ್ರಾಂ.ಗೂ ಹೆಚ್ಚು ಕ್ಷಾರತೆ ಕರಗಿಹೋಗುತ್ತದೆ. ಲೀಟರಿಗೆ 20 ಮಿ.ಗ್ರಾಂ. ಕ್ಷಾರತೆ ಇರುವ ಮೆದುನೀರಾದರೆ ತೊಟ್ಟಿಯ ಒಟ್ಟು ದಾಸ್ತಾನು 1,200 ಮಿ.ಗ್ರಾಂ.; ಆರು ದಿನದೊಳಗೆ ಮುಗಿಯಿತು. ಬಯಲುಸೀಮೆಯ ಬೋರ್‌ವೆಲ್ ನೀರಿನಂತೆ ಲೀಟರಿಗೆ 150 ಮಿ.ಗ್ರಾಂ. ಇದ್ದರೆ ಅದೇ ಮೀನು, ಅದೇ ಆಹಾರದಲ್ಲಿ ಆರು ವಾರ ಬರುತ್ತದೆ. ಜಲಸಸ್ಯಗಳು ನೈಟ್ರೇಟ್ ಹೀರುವುದರಿಂದ ಒಂದಿಷ್ಟು ಕ್ಷಾರತೆ ಮರಳಿ ಸಿಗುವುದುಂಟು, ಹಾಗಾಗಿ ನಿಜವಾದ ತೊಟ್ಟಿಯಲ್ಲಿ ಅವಧಿ ತುಸು ಹಿಗ್ಗಬಹುದು. ಎರಡು ನೀರುಗಳ ನಡುವಿನ ಅಂತರವಂತೂ ಹಾಗೆಯೇ ಉಳಿಯುತ್ತದೆ.

ಮೀನು ಸಾಯುವುದಕ್ಕೆ ಅತಿಯಾದ ಆಹಾರ, ಇಕ್ಕಟ್ಟು, ನೀರು ಬದಲಿಸದ ಸೋಮಾರಿತನ ಕಾರಣ, ಕ್ಷಾರತೆಯ ಮಾತು ಗೌಣ ಎಂದು ಆಕ್ಷೇಪಿಸಬಹುದು. ಮೊದಲೆರಡು ಕಾರಣಗಳನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದೇ ತಪ್ಪನ್ನು ಮಾಡಿದ ಬೆಂಗಳೂರಿನವರಿಗೆ ತಿದ್ದಿಕೊಳ್ಳಲು ವಾರಗಳು ಸಿಗುತ್ತವೆ, ಶಿರಸಿಯವರಿಗೆ ದಿನಗಳು ಮಾತ್ರ. ಮೂರನೆಯ ಕಾರಣವನ್ನು ಲೆಕ್ಕವೇ ಒಪ್ಪುವುದಿಲ್ಲ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ ಎಂಬುದು ಎಲ್ಲೆಡೆ ಸಿಗುವ ಸಲಹೆ. ಮೇಲಿನ ತೊಟ್ಟಿಯಲ್ಲಿ ಅದು 20 ಲೀಟರ್. ಗಡಸು ನೀರಾದರೆ ಅದರ ಜೊತೆ 3,000 ಮಿ.ಗ್ರಾಂ. ಕ್ಷಾರತೆ ಒಳಬರುತ್ತದೆ, ವಾರದ ಖರ್ಚು 1,500. ಅಲ್ಲಿ ಸಲಹೆ ಸರಿಯಾಗಿ ನಡೆಯುತ್ತದೆ. ಮೆದುನೀರಿನಲ್ಲಿ ಒಳಬರುವುದು ಬರೀ 400. ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಮನೆಯಲ್ಲಿಯೂ ವಾರವಾರ ಸಾಲ ಬೆಳೆಯುತ್ತ ಹೋಗುತ್ತದೆ. ಅಕ್ವೇರಿಯಂ ಕುರಿತ ಕೈಪಿಡಿಗಳು ಮತ್ತು ಅಂಗಡಿಯವರ ಮಾತುಗಳು ಬಹುಮಟ್ಟಿಗೆ ಗಡಸು ನೀರಿನ ಊರುಗಳ ಅನುಭವದಿಂದ ಬಂದವು. ಅವುಗಳನ್ನು ಘಟ್ಟದ ಮೇಲೆ ಹಾಗೇ ಅನ್ವಯಿಸಬಾರದು.

ಸಾಲ ತೀರದೆ ಉಳಿದ ತೊಟ್ಟಿಯಲ್ಲಿ ಮುಂದೇನಾಗುತ್ತದೆ ಎಂಬುದು ಈ ವಿಷಯದ ಅತ್ಯಂತ ಸೂಕ್ಷ್ಮ ಭಾಗ. ಪಿಎಚ್ 6ಕ್ಕಿಂತ ಕೆಳಗಿಳಿದಾಗ ಅಮೋನಿಯಾ ತಿನ್ನುವ ಸೂಕ್ಷ್ಮಜೀವಿಗಳ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಅಮೋನಿಯಾ ಸೇರುತ್ತಲೇ ಹೋಗುತ್ತದೆ, ಆದರೂ ಮೀನು ಸಾಯುವುದಿಲ್ಲ. ಯಾಕೆಂದರೆ ಆಮ್ಲೀಯ ನೀರಿನಲ್ಲಿ ಅದರ ಬಹುಪಾಲು ಅಮೋನಿಯಂ ಅಯಾನಾಗಿ ಇರುತ್ತದೆ, ಅದರ ವಿಷ ಬಲು ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 6 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 0.06ರಷ್ಟು, ಪಿಎಚ್ 7ರಲ್ಲಿ ಶೇ. 0.6, ಪಿಎಚ್ 8ರಲ್ಲಿ ಶೇ. 5ಕ್ಕೂ ಹೆಚ್ಚು. ಈಗ ಲೀಟರಿಗೆ 5 ಮಿ.ಗ್ರಾಂ. ಅಮೋನಿಯಾ ತುಂಬಿಕೊಂಡು ಪಿಎಚ್ 6ರಲ್ಲಿ ನಿಂತ ತೊಟ್ಟಿಯನ್ನು ನೋಡಿ ಮೀನು ಮಂಕಾಗಿದೆಯೆಂದು ಒಬ್ಬರು ಅರ್ಧ ನೀರು ತೆಗೆದು, ಪಿಎಚ್ ಹೆಚ್ಚಿರುವ ಬೋರ್‌ವೆಲ್ ನೀರು ತುಂಬುತ್ತಾರೆ. ಅಮೋನಿಯಾ ಎರಡೂವರೆ ಮಿ.ಗ್ರಾಂ.ಗೆ ಇಳಿಯಿತು, ಪಿಎಚ್ 7.5ಕ್ಕೆ ಏರಿತು. ವಿಷದ ಭಾಗ 0.003ರಿಂದ 0.044 ಮಿ.ಗ್ರಾಂ.ಗೆ ಜಿಗಿಯಿತು. ಕೊಳೆ ಅರ್ಧವಾಗಿದೆ, ವಿಷ ಹದಿನೈದು ಪಟ್ಟಾಗಿದೆ. ‘ನೀರು ಬದಲಿಸಿದ್ದಕ್ಕೇ ಮೀನು ಸತ್ತಿತು, ಇನ್ನು ಬದಲಿಸುವುದೇ ಬೇಡ’ ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ಹುಟ್ಟುವುದು ಇಲ್ಲಿಂದ. ಕಂಡದ್ದು ನಿಜ, ತೀರ್ಮಾನ ತಪ್ಪು: ನೀರು ಬದಲಿಸುವುದು ತಡವಾಗಿತ್ತು ಮತ್ತು ಒಮ್ಮೆಗೇ ಹೆಚ್ಚಾಗಿತ್ತು. ‘ಪಿಎಚ್ ಏರಿಸುವ ದ್ರಾವಣ’ ಎಂದು ಬಾಟಲಿಯಲ್ಲಿ ಮಾರುವ ವಸ್ತುವನ್ನು ಇಂಥ ಹೊತ್ತಿನಲ್ಲಿ ಸುರಿದರೆ ಆಗುವುದೂ ಇದೇ. ಹೊಸದಾಗಿ ಕಟ್ಟಿದ ಸಿಮೆಂಟ್ ತೊಟ್ಟಿಯನ್ನು ವಾರಗಟ್ಟಲೆ ನೀರು ನಿಲ್ಲಿಸಿ ಚೆಲ್ಲದೆ ಬಳಸಿದಾಗಲೂ ಮೆದುನೀರು ಅದರ ಸುಣ್ಣವನ್ನು ಬೇಗ ಎಳೆದುಕೊಂಡು ಪಿಎಚ್ ಅಪಾಯದ ಮಟ್ಟಕ್ಕೇರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಘನಾಶಿನಿ, ಶರಾವತಿ, ಬೇಡ್ತಿಯ ಹಳ್ಳಗಳಲ್ಲಿ ಇದೇ ಮೆದುನೀರಿನಲ್ಲಿ ನೂರಾರು ಬಗೆಯ ಜಲಚರಗಳು ಸುಖವಾಗಿವೆ. ಅಮೆಜಾನ್ ಮೂಲದ ಟೆಟ್ರಾಗಳಿಗೂ ಆಮ್ಲೀಯ ಮೆದುನೀರೇ ಇಷ್ಟ. ಹಾಗಿರುವಾಗ ಕ್ಷಾರತೆ ಏರಿಸಬೇಕೆನ್ನುವುದು ಮೀನಿಗೆ ಒಗ್ಗದ್ದನ್ನು ಹೇರಿದಂತಲ್ಲವೇ? ಮೀನಿನ ದೃಷ್ಟಿಯಿಂದ ಈ ಮಾತು ಸರಿ. ಆದರೆ ಹಳ್ಳದಲ್ಲಿ ಅಮೋನಿಯಾವನ್ನು ನಿಭಾಯಿಸುವುದು ಹರಿವು. ಒಂದು ಮೀನಿನ ಪಾಲಿಗೆ ಅಲ್ಲಿ ದಿನಕ್ಕೆ ಸಾವಿರಾರು ಲೀಟರ್ ಹೊಸ ನೀರು. ತೊಟ್ಟಿಯಲ್ಲಿ ಆ ಕೆಲಸ ಸೂಕ್ಷ್ಮಜೀವಿಗಳ ಮೇಲೆ ಬೀಳುತ್ತದೆ, ಕ್ಷಾರತೆ ಬೇಕಾಗಿರುವುದು ಅವಕ್ಕೆ. ಮೀನು ಕೆಲವೇ ಇದ್ದು, ಸಸ್ಯಗಳು ದಟ್ಟವಾಗಿ ಬೆಳೆದು ಅಮೋನಿಯಂ ಅನ್ನು ತಾವೇ ಹೀರುವ ತೊಟ್ಟಿಯನ್ನು ಮೆದುನೀರಿನಲ್ಲಿಯೇ ನಡೆಸಬಹುದು. ಅದು ಈ ಸೀಮೆಗೆ ಅತ್ಯುತ್ತಮ ಮಾದರಿಯೂ ಹೌದು. ಗೋಲ್ಡ್‌ಫಿಶ್, ಮಾಲಿ, ಗಪ್ಪಿಗಳನ್ನು ಕಿಕ್ಕಿರಿದು ತುಂಬಿಸಿ, ಪ್ಲಾಸ್ಟಿಕ್ ಗಿಡ ನೆಟ್ಟ ತೊಟ್ಟಿಗೆ ಆ ವಾದ ಹೊಂದುವುದಿಲ್ಲ. ಆ ಮೂರೂ ಮೀನುಗಳಿಗೆ ತುಸು ಗಡಸು ನೀರೇ ಹಿತ.

ಒಳಗಿನಿಂದ ಹುಟ್ಟದೆ ಹೊರಗಿನಿಂದಲೇ ಬಂದು ಬೀಳುವ ವಿಷಗಳೂ ಇವೆ, ಅವು ನಿಜವಾಗಿಯೂ ದಿಢೀರನೆ ಬರುತ್ತವೆ. ಈ ತಾಲ್ಲೂಕುಗಳಲ್ಲಿ ಮೊದಲು ನೆನೆಯಬೇಕಾದ್ದು ತಾಮ್ರ. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿದರು. ಅಲ್ಲಿಂದ ಮಳೆಗಾಲದಲ್ಲಿ ಕೊನೆಗಳಿಗೆ ಔಷಧಿ ಹೊಡೆಯುವುದು ತೋಟದ ಖಾಯಂ ಕೆಲಸವಾಗಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿದ ದ್ರಾವಣದ ಪ್ರತಿ ಲೀಟರಿನಲ್ಲಿ ಎರಡೂವರೆ ಗ್ರಾಂ ತಾಮ್ರವಿರುತ್ತದೆ. ಅದರ ಒಂದು ಸಣ್ಣ ಚಮಚ, 5 ಮಿ.ಲೀ., 60 ಲೀಟರಿನ ತೊಟ್ಟಿಗೆ ಬಿದ್ದರೆ ಲೀಟರಿಗೆ 0.2 ಮಿ.ಗ್ರಾಂ. ತಾಮ್ರವಾಗುತ್ತದೆ. ಮೆದುನೀರಿನಲ್ಲಿ ಸಿಗಡಿ, ಬಸವನಹುಳುಗಳನ್ನು ಕೊಲ್ಲಲು ಇದಕ್ಕಿಂತ ಎಷ್ಟೋ ಕಡಿಮೆ ಸಾಕು, ಮೀನಿಗೂ ಇದು ಮಾರಕ. ಸರಿಯಾಗಿ ತಯಾರಿಸಿದ ದ್ರಾವಣದಲ್ಲಿ ಸುಣ್ಣ ತಾಮ್ರವನ್ನು ಕಟ್ಟಿಹಾಕುತ್ತದಲ್ಲ ಎನ್ನಬಹುದು. ತೋಟಿಗರು ಕತ್ತಿಯನ್ನು ಅದ್ದಿ, ಅದಕ್ಕೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುವುದೂ ಇದೇ ರಸಾಯನದ ಆಧಾರದ ಮೇಲೆ. ಆದರೆ ಸುಣ್ಣದ ಕಟ್ಟು ಆಮ್ಲೀಯ ನೀರಿನಲ್ಲಿ ಸಡಿಲಾಗುತ್ತದೆ, ಮತ್ತು ಕುಸಿಯುತ್ತಿರುವ ತೊಟ್ಟಿಯೆಂದರೆ ಆಮ್ಲೀಯ ನೀರೇ. ಔಷಧಿ ಹೊಡೆಯುವ ವಾರಗಳಲ್ಲಿ ತೋಟದ ಬಾವಿ, ಹಳ್ಳ, ಮಾಡಿನಿಂದ ಹಿಡಿದ ಮಳೆನೀರು ಇವ್ಯಾವುದನ್ನೂ ತೊಟ್ಟಿಗೆ ಹಾಕದಿರುವುದು ಲೇಸು. ಔಷಧಿಗೆ ಬಳಸಿದ ಬಕೆಟ್ಟು, ಡ್ರಮ್ಮು, ಪೈಪುಗಳನ್ನಂತೂ ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ತರಬಾರದು.

‘ನಾವು ಕುಡಿಯುವ ನೀರೇ ಅದು’ ಎಂಬ ಸಮಾಧಾನಕ್ಕೂ ಇಲ್ಲಿ ಬೆಲೆಯಿಲ್ಲ. ಭಾರತೀಯ ಕುಡಿಯುವ ನೀರಿನ ಮಾನಕ ಐಎಸ್ 10500 ತಾಮ್ರವನ್ನು ಲೀಟರಿಗೆ 0.05 ಮಿ.ಗ್ರಾಂ. ಇರಬಹುದೆಂದೂ ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹ್ಯವೆಂದೂ ಹೇಳುತ್ತದೆ. ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿ.ಗ್ರಾಂ. ಇರಲೇಬೇಕೆನ್ನುತ್ತದೆ. ಮನುಷ್ಯರನ್ನು ಕಾಯುವ ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಮುಂಗಾರಿನ ಆರಂಭದಲ್ಲಿ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಅದೇ ನೀರನ್ನು ತೊಟ್ಟಿಗೆ ಸೇದಿದರೆ ಪರಿಣಾಮ ತಾಸಿನೊಳಗೆ ಕಾಣುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಏರ್ ಪಂಪ್ ಬಿಟ್ಟು ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರಕ್ಕೆ ಕ್ಲೋರಿನ್ ಕಳೆಯುವ ಹೈಪೋ (ಸೋಡಿಯಂ ಥಯೋಸಲ್ಫೇಟ್) ಇದೆ. ಮಳೆಗಾಲದ ಕೆಂಪು ನೀರನ್ನು ತಿಳಿಗೊಳಿಸಲು ಪಟಿಕ ಆಡಿಸುವ ರೂಢಿಯೂ ಅಪಾಯಕಾರಿ: ಪಟಿಕ ತನ್ನ ತೂಕದ ಸುಮಾರು ಅರ್ಧದಷ್ಟು ಕ್ಷಾರತೆಯನ್ನು ನುಂಗುತ್ತದೆ, ಆಮ್ಲೀಯ ಮೆದುನೀರಿನಲ್ಲಿ ಉಳಿಯುವ ಅಲ್ಯೂಮಿನಿಯಂ ಕಿವಿರಿಗೆ ವಿಷ. ಬೋರ್‌ವೆಲ್ ನೀರು ಸೇದಿದಾಗ ತಿಳಿಯಾಗಿದ್ದು ಆಮೇಲೆ ತುಕ್ಕಿನ ಬಣ್ಣ ತಾಳಿದರೆ ಅದು ಕಬ್ಬಿಣ. ಗಾಳಿಯಾಡಿಸಿ, ತಳಕ್ಕೆ ಕೂರಿಸಿ, ಮೇಲಿನ ನೀರನ್ನಷ್ಟೇ ತೆಗೆದುಕೊಳ್ಳಬೇಕು. ಸೊಳ್ಳೆಗೆಂದು ಮುಚ್ಚಿದ ಕೋಣೆಯಲ್ಲಿ ಹೊಡೆಯುವ ಸ್ಪ್ರೇಗಳಲ್ಲಿನ ಪೈರೆಥ್ರಾಯ್ಡ್‌ಗಳು ಮೀನಿಗೆ ಅತಿ ವಿಷಕಾರಿ ಎಂಬುದನ್ನೂ ಮರೆಯಬಾರದು. ದರಕಿನ, ಅಂದರೆ ಒಣ ಎಲೆಗಳ, ಸಾರ ಇಳಿದು ಚಹಾದ ಬಣ್ಣಕ್ಕೆ ತಿರುಗಿದ ಹಳ್ಳದ ನೀರು ನೋಡಲು ಕೆಟ್ಟದಾಗಿ ಕಂಡರೂ ಅಷ್ಟು ಕೇಡಿನದಲ್ಲ.

ಮಳೆಗಾಲದ ಮತ್ತೊಂದು ನೆಪ ಕರೆಂಟು. ಮರ ಬಿದ್ದು ತಂತಿ ಹರಿದರೆ ಒಳ ಹಳ್ಳಿಗಳಲ್ಲಿ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 25 ಡಿಗ್ರಿಯ ನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ 7.7 ಮಿ.ಗ್ರಾಂ. ಮಾತ್ರ. ರಾತ್ರಿ ಸಸ್ಯಗಳೂ ಅದನ್ನು ಬಳಸುತ್ತವೆ, ಹಾಗಾಗಿ ನಸುಕಿನಲ್ಲಿ ಅದು ಕನಿಷ್ಠಕ್ಕಿಳಿದಿರುತ್ತದೆ. ಮುಚ್ಚಿದ ಫಿಲ್ಟರಿನೊಳಗೆ ನೀರು ನಿಂತರೆ ಅಲ್ಲಿನ ಸೂಕ್ಷ್ಮಜೀವಿಗಳು ಕೆಲವೇ ತಾಸುಗಳಲ್ಲಿ ಉಸಿರುಗಟ್ಟುತ್ತವೆ. ಕರೆಂಟು ಬಂದೊಡನೆ ಆ ಕೊಳೆತ ನೀರು ತೊಟ್ಟಿಗೆ ನುಗ್ಗುತ್ತದೆ. ಫಿಲ್ಟರಿನ ಸ್ಪಾಂಜನ್ನು ತೆಗೆದು ತೊಟ್ಟಿಯ ನೀರಿನಲ್ಲಿಯೇ ತೇಲಬಿಟ್ಟು, ಮಗ್ಗಿನಿಂದ ಆಗಾಗ ನೀರೆತ್ತಿ ಸುರಿಯುತ್ತಿದ್ದರೆ ಮೀನೂ ಫಿಲ್ಟರೂ ಉಳಿಯುತ್ತವೆ. ಬ್ಯಾಟರಿಯ ಏರ್ ಪಂಪ್ ಇದ್ದರೆ ಇನ್ನೂ ಒಳ್ಳೆಯದು. ಕರೆಂಟಿಲ್ಲದಾಗ ಆಹಾರ ಹಾಕಲೇಬಾರದು.

ಸಮಸ್ಯೆ ಎದುರಾದಾಗಿನ ಕ್ರಮ ಇದರಿಂದಲೇ ಹೊರಡುತ್ತದೆ. ಯಾವ ಕಾರಣವೇ ಇರಲಿ, ಮೊದಲು ಗಾಳಿಯಾಡಿಕೆ ಹೆಚ್ಚಿಸಿ ಆಹಾರ ನಿಲ್ಲಿಸಬೇಕು; ಇವೆರಡರಿಂದ ಯಾವ ಸಂದರ್ಭದಲ್ಲೂ ಕೆಡುಕಿಲ್ಲ. ಬಳಿಕ ಹಿಂದಿನ ಎರಡು ದಿನಗಳಲ್ಲಿ ಏನೇನು ಬದಲಾಯಿತೆಂದು ನೆನಪಿಸಿಕೊಳ್ಳಬೇಕು. ಹೊಸ ನೀರು ಹಾಕಿದ ಒಂದೆರಡು ತಾಸಿನಲ್ಲಿ ಎಲ್ಲ ಮೀನುಗಳೂ ಒಟ್ಟಿಗೆ ಒದ್ದಾಡಿದರೆ ಕ್ಲೋರಿನ್, ತಾಮ್ರ ಅಥವಾ ಮೇಲೆ ಹೇಳಿದ ಅಮೋನಿಯಾದ ಜಿಗಿತ. ಬಸವನಹುಳು, ಸಿಗಡಿಗಳು ಮೊದಲು ಸತ್ತಿದ್ದರೆ ತಾಮ್ರದ ಅಥವಾ ಕೀಟನಾಶಕದ ಶಂಕೆ. ನಸುಕಿನಲ್ಲಷ್ಟೇ ಏದುಸಿರು, ಮಧ್ಯಾಹ್ನ ಸರಿಯಾದರೆ ಆಮ್ಲಜನಕದ ಕೊರತೆ. ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆದು ಕೆಲವು ದಿನಗಳಾದ ಮೇಲೆ ಬೆಳ್ಳಗೆ ಕದಡಿದರೆ ಸೂಕ್ಷ್ಮಜೀವಿಗಳು ಸತ್ತು ಚಕ್ರ ಮುರಿದಿದೆ. ಬಳಿಕ ಪರೀಕ್ಷೆ. ತೊಟ್ಟಿಯ ನೀರು, ಮೂಲದ ನೀರು, ಒಂದು ದಿನ ತೆರೆದಿಟ್ಟ ಮೂಲದ ನೀರು, ಈ ಮೂರರ ಪಿಎಚ್ ಮತ್ತು ಕ್ಷಾರತೆಯನ್ನೂ ತೊಟ್ಟಿಯ ಅಮೋನಿಯಾ, ನೈಟ್ರೈಟ್‌ಗಳನ್ನೂ ಅಳೆಯಬೇಕು. ನೆಲದಾಳದ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋದ ಮೇಲೆ ಪಿಎಚ್ ಏರುವುದರಿಂದ ಆಗಷ್ಟೇ ಸೇದಿದ ನೀರಿನ ಅಳತೆಯೊಂದೇ ಮೋಸ ಮಾಡುತ್ತದೆ. ಅಕ್ವೇರಿಯಂ ಅಂಗಡಿಯ ಕಿಟ್‌ಗಳಲ್ಲಿ ಕ್ಷಾರತೆಯನ್ನು ‘ಕೆಎಚ್’ ಎಂದು ಬರೆದಿರುತ್ತಾರೆ. ಅದರ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿ.ಗ್ರಾಂ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಲಾಗಿದೆ. ಮೂಲದ ನೀರಿನ ಪಿಎಚ್, ಗಡಸುತನ, ಕಬ್ಬಿಣ, ಉಳಿಕೆ ಕ್ಲೋರಿನ್ ತಿಳಿಯಲು ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಅಮೋನಿಯಾ ಹೆಚ್ಚಿದ್ದು ಪಿಎಚ್ ತಗ್ಗಿದ್ದರೆ ದಿನಕ್ಕೆ ಹತ್ತನೇ ಒಂದು ಭಾಗದಷ್ಟೇ ನೀರು ಬದಲಿಸಬೇಕು. ಅಮೋನಿಯಾ ಇಳಿಯುವವರೆಗೆ ಪಿಎಚ್ ಏರಿಸಲು ಹೋಗಬಾರದು. ನೈಟ್ರೈಟ್ ಕಂಡರೆ 10 ಲೀಟರಿಗೆ 1 ಗ್ರಾಂ ಉಪ್ಪು ಸಾಕು, ಅದರ ಕ್ಲೋರೈಡ್ ನೈಟ್ರೈಟ್ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ತುರ್ತು ಕಳೆದ ಮೇಲೆ ಕ್ಷಾರತೆ ಕಟ್ಟುವ ಕೆಲಸ. 60 ಲೀಟರಿಗೆ 2 ಗ್ರಾಂ ಅಡುಗೆ ಸೋಡಾ ಹಾಕಿದರೆ ಲೀಟರಿಗೆ 20 ಮಿ.ಗ್ರಾಂ. ಕ್ಷಾರತೆ ಏರುತ್ತದೆ, ಕರಗಿಸಿ, ಒಂದು ದಿನಕ್ಕೆ ಅಷ್ಟೇ ಹಾಕಿ, 60ರಿಂದ 80ಕ್ಕೆ ತಂದು ನಿಲ್ಲಿಸಿದರೆ ಸಾಮಾನ್ಯ ತೊಟ್ಟಿಗೆ ಸಾಲುತ್ತದೆ. ಇದಕ್ಕಿಂತ ನೆಚ್ಚಬಹುದಾದ್ದು ಚಿಪ್ಪು. ಅಘನಾಶಿನಿಯ ಅಳಿವೆಯ ಬಳಚಿನ ಚಿಪ್ಪನ್ನು ಕುದಿಸಿ ತೊಳೆದು ಒಂದು ಹಿಡಿಯಷ್ಟು ಫಿಲ್ಟರಿನಲ್ಲಿಟ್ಟರೆ ನೀರು ಆಮ್ಲೀಯವಾದಷ್ಟೂ ಅದು ಹೆಚ್ಚು ಕರಗುತ್ತದೆ, ನೀರು ಸಮಸ್ಥಿತಿಗೆ ಬಂದಾಗ ತಾನೇ ನಿಧಾನವಾಗುತ್ತದೆ. ಸೋಡಾದಲ್ಲಿಲ್ಲದ ಕ್ಯಾಲ್ಸಿಯಂ ಕೂಡ ಅದರಿಂದ ಸಿಗುತ್ತದೆ. ಆರ್‌ಒ ಯಂತ್ರದ ನೀರು ಶುದ್ಧವೆಂದು ಅದನ್ನೇ ತುಂಬುವವರು ಇದ್ದ ಅಲ್ಪ ಕ್ಷಾರತೆಯನ್ನೂ ಕಳೆದುಕೊಳ್ಳುತ್ತಾರೆ. ಗಡಸು ನೀರಿನ ಊರಿನ ಆ ಉಪಾಯ ಇಲ್ಲಿಗೆ ಬೇಡ. ವಾರಕ್ಕೊಮ್ಮೆ ಒಂದೇ ಪರೀಕ್ಷೆ ಮಾಡಲು ಸಾಧ್ಯವೆನ್ನುವವರು ಪಿಎಚ್ ಬಿಟ್ಟು ಕ್ಷಾರತೆಯನ್ನು ಅಳೆಯಲಿ. ಕ್ಷಾರತೆ ಪೂರ್ತಿ ತೀರುವ ತನಕ ಪಿಎಚ್ ಹೆಚ್ಚೇನೂ ಕದಲುವುದಿಲ್ಲ, ಕದಲಿದಾಗ ತಡವಾಗಿರುತ್ತದೆ.

ಇಷ್ಟಾದರೂ ತೊಟ್ಟಿ ನಡೆಸಲಾಗದವರು ಉಳಿದ ಮೀನನ್ನು ಹತ್ತಿರದ ಹಳ್ಳಕ್ಕೋ ಕೆರೆಗೋ ಬಿಡುವುದುಂಟು. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಬೀಡುಬಿಟ್ಟಿದೆ. ಶರಾವತಿಯಿಂದ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀನು 2004ರಲ್ಲಿ ಹೊಸ ಪ್ರಭೇದವಾಗಿ ದಾಖಲಾಯಿತು. ಇಂಥ ಹೊಳೆಗಳಿಗೆ ಅಂಗಡಿಯ ಮೀನನ್ನೂ ಅದು ಹೊತ್ತ ರೋಗವನ್ನೂ ಸೇರಿಸಬಾರದು. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿ ಅಥವಾ ಸಾಕುವ ಇನ್ನೊಂದು ಮನೆಗೆ ಕೊಡಿ. ಉಪ್ಪು, ಔಷಧಿ ಹಾಕದ ತೊಟ್ಟಿಯ ಹಳೆಯ ನೀರನ್ನು ಹಿತ್ತಲ ಗಿಡಗಳ ಬುಡಕ್ಕೆ ಸುರಿಯಿರಿ. ಅದರಲ್ಲಿರುವ ನೈಟ್ರೇಟ್ ಗೊಬ್ಬರವಾಗುತ್ತದೆ.